ಹಾಸನದ ಹಿತ್ತಲಲ್ಲಿ ಚಳಿಗಾಲದ ತರಕಾರಿ: ಯಾವಾಗ ಹಾಕಬೇಕು, ಹೇಗೆ ಉಳಿಸಿಕೊಳ್ಳಬೇಕು?

ಪ್ರಶ್ನೆ: ವಿದ್ಯಾನಗರ, ಹಾಸನ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದೆ 20 ಅಡಿ ಉದ್ದ, 12 ಅಡಿ ಅಗಲದ ಜಾಗ ಇದೆ. ಕೆಂಪು ಮಣ್ಣು. ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರ ತನಕ ಒಳ್ಳೆ ಬಿಸಿಲು. ಹೋದ ವರ್ಷ ಗೌರಿ ಹಬ್ಬ ಮುಗಿದ ವಾರವೇ ಹೂಕೋಸು, ಟೊಮೆಟೊ, ಕ್ಯಾರೆಟ್, ಬೀನ್ಸ್ ಎಲ್ಲವನ್ನೂ ಒಂದೇ ದಿನ ಹಾಕಿದೆ. ಆಮೇಲೆ ಹಿಡಿದ ಮಳೆ ಹತ್ತು ದಿನ ಬಿಡಲಿಲ್ಲ. ಹೂಕೋಸಿನ ಪೈರು ಬುಡದಲ್ಲಿ ನೂಲಿನ ಹಾಗೆ ಸಣ್ಣಗಾಗಿ ಮಲಗಿಬಿಟ್ಟವು. ಕ್ಯಾರೆಟ್ ಹುಟ್ಟಲೇ ಇಲ್ಲ. ಟೊಮೆಟೊ ಎಲೆ ಕಪ್ಪಾಗಿ ಸುಟ್ಟ ಹಾಗಾಯಿತು. ಬೀನ್ಸ್ ಮಾತ್ರ ನಾಲ್ಕು ಸಾರಿ ಪಲ್ಯಕ್ಕಾಯಿತು.

ಈಗ ಉತ್ತರೆ ಮಳೆ ಮುಗಿಯುತ್ತಿದೆ. ಈ ಸಲ ಯಾವುದನ್ನು ಯಾವಾಗ ಹಾಕಲಿ? ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ಗಿಡದಿಂದ ಕಿತ್ತು ಹಾಗೇ ಬಾಯಿಗೆ ಹಾಕುತ್ತಾರೆ. ಅದಕ್ಕೇ ವಿಷದ ಔಷಧಿ ಬೇಡ. ನಮ್ಮ ಕಡೆಯೇ ಬೆಳೆದು ನೋಡಿದವರು ದಯವಿಟ್ಟು ಹೇಳಿ.

ಸಾಲಗಾಮೆ ರಸ್ತೆ, ಹಾಸನ

ನೋಡಮ್ಮ, ಕೈಗುಣ ಸರಿಯಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪೈರು ನೀರು ನಿಂತು ಸತ್ತಿವೆ. ಮಣ್ಣು ಸದಾ ತೇವ ಇದ್ದು, ಪೈರು ಒತ್ತೊತ್ತಾಗಿದ್ದರೆ ಬುಡ ಹಾಗೆ ಕೊಳೆಯುತ್ತದೆ. ಬಂದ ಮೇಲೆ ಏನು ಹೊಡೆದರೂ ಅಷ್ಟೇ. ಬಾರದ ಹಾಗೆ ನೋಡಿಕೊಳ್ಳಬೇಕು.

ನನಗೂ ಮೊದಲ ಎರಡು ವರ್ಷ ಹೀಗೇ ಆಗಿತ್ತು. ಮೂರನೇ ವರ್ಷ ನಮ್ಮ ಅತ್ತೆ ಊರಿಂದ ಬಂದಿದ್ದರು. ನಾನು ಗುದ್ದಲಿ ಹಿಡಿದು ಅಗೆಯೋಕೆ ನಿಂತಿದ್ದೆ. ಅವರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಟ್ಟರು. ಉಂಡೆ ರಾಗಿಮುದ್ದೆಯ ಹಾಗೆ ತಪ್ ಅಂತ ಬಿದ್ದು ಹಾಗೇ ಕೂತಿತು. "ಇನ್ನೂ ಹದ ಬಂದಿಲ್ಲ, ಒಳಗೆ ನಡಿ" ಅಂದರು. ಮೂರು ದಿನ ಬಿಸಿಲು ಬಿದ್ದ ಮೇಲೆ ಮತ್ತೆ ಬಿಟ್ಟು ನೋಡಿದರು. ಈ ಸಲ ಬಿದ್ದದ್ದೇ ನಾಲ್ಕು ಚೂರಾಯಿತು. "ಹ್ಞಾ, ಈಗ ಅಗಿ." ಅವತ್ತಿನಿಂದ ನಾನು ಉಂಡೆ ಬಿಟ್ಟು ನೋಡದೆ ಗುದ್ದಲಿ ಮುಟ್ಟಿಲ್ಲ. ಹಸಿ ಮಣ್ಣು ಅಗೆದರೆ ಒಣಗಿದಾಗ ಹೆಂಟೆ ಕಲ್ಲಾಗುತ್ತದೆ. ಕ್ಯಾರೆಟ್ ಮೊಳಕೆಗೆ ಅದನ್ನು ಒಡೆದು ಮೇಲೆ ಬರುವ ಶಕ್ತಿ ಇಲ್ಲ.

ಏರುಮಡಿ ಮಾಡಿ. ಮೂರೂವರೆ ಅಡಿ ಅಗಲ, ಮುಕ್ಕಾಲು ಅಡಿಯಿಂದ ಒಂದು ಅಡಿ ಎತ್ತರ. ಎರಡೂ ಕಡೆಯಿಂದ ಕೈ ಎಟುಕಬೇಕು, ಮಡಿ ಮೇಲೆ ಯಾರೂ ಕಾಲಿಡಬಾರದು. ನಡುವೆ ಒಂದೂವರೆ ಅಡಿ ಕಾಲುದಾರಿ. ಮಳೆ ಬಂದಾಗ ಅದೇ ಚರಂಡಿ. ನಿಮ್ಮ ಜಾಗಕ್ಕೆ 12 ಅಡಿ ಉದ್ದದ ನಾಲ್ಕು ಮಡಿ ಸರಿಯಾಗಿ ಕೂರುತ್ತವೆ. ಜೋರು ಮಳೆ ಬಂದಾಗ ಕೊಡೆ ಹಿಡಿದು ಹಿತ್ತಲಲ್ಲಿ ನಿಂತು, ನೀರು ಎಲ್ಲಿ ನಿಲ್ಲುತ್ತದೆ, ಎತ್ತ ಹರಿಯುತ್ತದೆ ನೋಡಿ. ಚರಂಡಿಯ ಬಾಯಿ ಆ ಕಡೆಗೇ ಬಿಡಿಸಿ. ಒಂದೊಂದು ಮಡಿಗೆ ಮೂರು ನಾಲ್ಕು ಮಂಕರಿ ಕಳಿತ ಕೊಟ್ಟಿಗೆ ಗೊಬ್ಬರ ಬೇಕು. ಹಸಿ ಸಗಣಿ ಬೇಡವೇ ಬೇಡ. ಕ್ಯಾರೆಟ್ ಹಾಕುವ ಮಡಿಗಂತೂ ಗೊಬ್ಬರ ಪುಡಿಪುಡಿ ಆಗಿರಬೇಕು. ಇಲ್ಲದಿದ್ದರೆ ಗೆಡ್ಡೆ ಎರಡು ಕಾಲು ಬಿಡುತ್ತದೆ.

ಇನ್ನು ಯಾವಾಗ ಅಂತ ಕೇಳಿದಿರಲ್ಲ. ಹಸ್ತ ಮಳೆ ಸೆಪ್ಟೆಂಬರ್ 27ರ ಸುಮಾರಿಗೆ ಹುಟ್ಟುತ್ತದೆ. ಚಿತ್ತೆ ಅಕ್ಟೋಬರ್ 10-11ಕ್ಕೆ, ಸ್ವಾತಿ 24ಕ್ಕೆ. ಈ ಹಿಂಗಾರು ಬೇರೆ ಥರ. ಮಧ್ಯಾಹ್ನದ ತನಕ ಬಿಸಿಲು, ಸಂಜೆ ಗುಡುಗು, ಒಂದು ಗಂಟೆ ಹೊಡೆದು ಹೋಗುತ್ತದೆ. ಕುರುಡು ಚಿತ್ತೆ ಎರಚಿದತ್ತ ಬೆಳೆ ಅಂತಾರಲ್ಲ, ಹಾಗೆ ಪಕ್ಕದ ಬೀದಿಗೆ ಸುರಿದು ನಮ್ಮ ಬೀದಿ ಒಣಗಿಯೇ ಇರುತ್ತದೆ. ಆ ಹೊಡೆತಕ್ಕೆ ಸಣ್ಣ ಬೀಜ ಎಲ್ಲ ಕೊಚ್ಚಿಹೋಗುತ್ತದೆ. ಅದಕ್ಕೆ ನಾನು ಹಸ್ತದಲ್ಲಿ ಒಟ್ಲು, ಅಂದರೆ ಪೈರು ಮಾಡೋಕೆ ಬೀಜ, ಮಾತ್ರ ಹಾಕುತ್ತೇನೆ. ಎಲೆಕೋಸು, ಹೂಕೋಸು, ನವಿಲುಕೋಸು, ಟೊಮೆಟೊ. ಶೀಟಿನ ಕೆಳಗೆ, ಬೆಳಗಿನ ಬಿಸಿಲು ಬೀಳುವ ಕಡೆ ಟ್ರೇಯಲ್ಲಿ. ಬೆಳಗ್ಗೆ ಒಂದು ಸಲ ನೀರು, ಸಂಜೆ ಇಲ್ಲ. 25ರಿಂದ 30 ದಿನಕ್ಕೆ ಪೈರು ತಯಾರು. ಆಶ್ವಯುಜ ಹುಣ್ಣಿಮೆ ಕಳೆದ ಗುರುವಾರ ನಮ್ಮ ಹಾಸನಾಂಬೆ ಬಾಗಿಲು ತೆಗೆಯುತ್ತಾರೆ ಅಲ್ವಾ? ದೀಪಾವಳಿ ಮುಗಿದು ಆ ಬಾಗಿಲು ಹಾಕುವ ಹೊತ್ತಿಗೆ ನಮ್ಮ ಮನೆ ಕೋಸು ನೆಲಕ್ಕಿಳಿದಿರುತ್ತದೆ. ಹಬ್ಬ ಹಿಂದೆ ಮುಂದೆ ಆಗುವ ವರ್ಷವೂ ಹತ್ತು ದಿನಕ್ಕಿಂತ ಜಾಸ್ತಿ ವ್ಯತ್ಯಾಸ ಮಾಡಿಕೊಂಡಿಲ್ಲ.

ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ ಪೈರು ಕಿತ್ತು ನೆಡುವಂಥದ್ದಲ್ಲ, ನೇರ ಮಡಿಗೇ ಬೀಜ. ಸ್ವಾತಿಯ ಜೋರು ಮಳೆ ಒಂದೆರಡು ಕಳೆಯಲಿ. ಕ್ಯಾರೆಟ್ ಬೀಜ ಮರಳಿನ ಜೊತೆ ಬೆರೆಸಿ ಗೆರೆ ಎಳೆದು ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ, ಮೇಲೆ ಒದ್ದೆ ಗೋಣಿಚೀಲ ಹಾಸಿ. ಹುಟ್ಟೋಕೆ ಹತ್ತರಿಂದ ಹದಿನೈದು ದಿನ ಬೇಕು. ಅಷ್ಟರಲ್ಲಿ ಒಂದು ದಿನ ಮಣ್ಣು ಒಣಗಿದರೂ ಕೆಟ್ಟಿತು. ಏಳನೇ ದಿನದಿಂದ ಬೆಳಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಹೋಗಿ ಗೋಣಿಯ ಮೂಲೆ ಎತ್ತಿ ನೋಡುತ್ತೇನೆ. ಹಸಿರು ನೂಲಿನಂಥ ಮೊಳಕೆ ಕಂಡ ದಿನವೇ ಗೋಣಿ ತೆಗೆಯಬೇಕು. ಆಮೇಲೆ ಗಿಡದಿಂದ ಗಿಡಕ್ಕೆ ಎರಡು ಇಂಚು ಬಿಟ್ಟು ಉಳಿದದ್ದನ್ನು ಕಿತ್ತುಬಿಡಿ. ಕೀಳೋಕೆ ಮನಸ್ಸು ಬರುವುದಿಲ್ಲ, ಗೊತ್ತು. ಕೀಳದಿದ್ದರೆ ಒಂದೂ ದಪ್ಪ ಆಗುವುದಿಲ್ಲ. ಬೀಟ್‌ರೂಟ್‌ನಲ್ಲಿ ಒಂದು ಬೀಜಕ್ಕೇ ಎರಡು ಮೂರು ಗಿಡ ಹುಟ್ಟುತ್ತವೆ, ಅಲ್ಲೂ ಒಂದನ್ನೇ ಬಿಡಿ.

ಬೇಲೂರು ರಸ್ತೆ, ನರ್ಸರಿ ನಡೆಸುವವನು

ಅಮ್ಮಾವರು ಹೇಳಿದ್ದು ಸರಿ. ಹೂಕೋಸಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಜನ ಬಂದು "ಹೂಕೋಸಿನ ಪೈರು ಕೊಡಿ" ಅಂತಾರೆ, ತಳಿ ಕೇಳುವುದಿಲ್ಲ. ಹೂಕೋಸು ಹೂ ಕಟ್ಟುವುದು ಚಳಿ ಲೆಕ್ಕದ ಮೇಲೆ. ಸ್ವಲ್ಪ ಸೆಕೆ ಇದ್ದರೂ ಕಟ್ಟುವ ತಳಿ ಬೇರೆ, ಒಳ್ಳೆ ಚಳಿ ಬೇಕಾದ ತಳಿ ಬೇರೆ. ಸೆಕೆಯ ತಳಿಯನ್ನು ಚಳಿಗೆ ಹಾಕಿದರೆ ಅಂಗಿ ಗುಂಡಿ ಗಾತ್ರದ ಹೂ. ಚಳಿಯ ತಳಿಯನ್ನು ಸೆಕೆಗೆ ಹಾಕಿದರೆ ಬರೀ ಸೊಪ್ಪು. ಅಂಗಡಿಯಲ್ಲಿ "ಈ ತಿಂಗಳು ನೆಡುವ ತಳಿಯೇ ತಾನೇ?" ಅಂತ ಕೇಳಿಯೇ ಕೊಳ್ಳಿ. ಟ್ರೇಯಲ್ಲಿ ಉದ್ದ ಬೆಳೆದು ಬಾಗಿದ ಪೈರು ಅಗ್ಗಕ್ಕೆ ಸಿಕ್ಕರೂ ಬೇಡ. ನಾಲ್ಕೈದು ಎಲೆ, ಗಿಡ್ಡ ಕಾಂಡ, ಬಿಳಿ ಬೇರು, ಇಷ್ಟಿದ್ದರೆ ಸಾಕು.

ಒಂದೂವರೆ ಅಡಿ ಅಂತರ ಕೊಡಿ. ಸಂಜೆ ನೆಡಿ. ಹೂ ಮುಷ್ಟಿ ಗಾತ್ರ ಆದಾಗ ಹೊರಗಿನ ಎಲೆಗಳನ್ನು ಒಳಕ್ಕೆ ಮಡಚಿ ಬಾಳೆನಾರಿನಲ್ಲಿ ಕಟ್ಟಿ. ಬಿಸಿಲು ಬಿದ್ದರೆ ಹೂ ಹಳದಿ ಆಗುತ್ತದೆ.

ಹುಳದ ವಿಷಯ. ಕೋಸಿಗೆ ಬರುವ ದೊಡ್ಡ ಕಾಟ ಒಂದು ಸಣ್ಣ ಹಸಿರು ಹುಳ. ಮುಟ್ಟಿದರೆ ಚಡಪಡಿಸಿ ನೂಲು ಬಿಟ್ಟುಕೊಂಡು ಕೆಳಗೆ ಜಾರುತ್ತದೆ. ವಜ್ರಬೆನ್ನಿನ ಪತಂಗದ ಮರಿ ಅದು. ಆ ಪತಂಗಕ್ಕೆ ಕೋಸಿಗಿಂತ ಸಾಸಿವೆ ಇಷ್ಟ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕೋಸಿನ ಸಾಲುಗಳ ನಡುವೆ ಸಾಸಿವೆ ಹಾಕಿ ಅಂತ ರೈತರಿಗೆ ಹೇಳಿಕೊಟ್ಟದ್ದು ಇದಕ್ಕೇ. ನೀವು ಅಡುಗೆಮನೆಯ ಸಾಸಿವೆಯನ್ನೇ ಮಡಿಯ ಎರಡು ಅಂಚಿಗೆ, ಕೋಸು ನೆಡುವ ಹದಿನೈದು ದಿನ ಮೊದಲು ಉದುರಿಸಿ. ಹುಳ ಅದರ ಮೇಲೆ ಕೂತಾಗ ಗಿಡ ಸಮೇತ ಕಿತ್ತು ಸೋಪಿನ ನೀರಿಗೆ ಹಾಕಿ. ಕೋಸಿಗೆ ವಾರಕ್ಕೊಮ್ಮೆ ಬೇವಿನ ಎಣ್ಣೆ, ಲೀಟರ್ ನೀರಿಗೆ 5 ಎಂಎಲ್. ಜೊತೆಗೆ ಸ್ವಲ್ಪ ಸೋಪು ಕರಗಿಸಲೇಬೇಕು, ಕೋಸಿನ ಎಲೆ ಮೇಣದ ಹಾಗಿರುವುದರಿಂದ ಬರೀ ನೀರು ಮುತ್ತಾಗಿ ಉರುಳಿ ಬೀಳುತ್ತದೆ. ಸಂಜೆ ಹೊತ್ತು, ಎಲೆಯ ಅಡಿಗೆ ಹೊಡೆಯಿರಿ. ಮಕ್ಕಳಿಗೆ ಮಾತ್ರ ತೊಳೆದೇ ಕೊಡಿ.

ಮೂಡಿಗೆರೆ ಹತ್ತಿರ, ಕಾಫಿ ತೋಟದ ಮನೆ

ನಮ್ಮಲ್ಲಿ ಹಾಸನಕ್ಕಿಂತ ಮಳೆ ತುಂಬಾ ಜಾಸ್ತಿ. ನವೆಂಬರ್ ಮೊದಲ ವಾರಕ್ಕಿಂತ ಮುಂಚೆ ನಾವು ಏನೂ ನೆಡುವುದಿಲ್ಲ. ಈ ಕಡೆಯವರು ಓದುತ್ತಿದ್ದರೆ ಅದು ನೆನಪಿರಲಿ.

ಅಷ್ಟು ಮಳೆಗೆ ಮಣ್ಣಿನ ಸುಣ್ಣದಂಶ ಎಲ್ಲ ತೊಳೆದುಹೋಗಿ ಮಣ್ಣು ಹುಳಿ ಆಗುತ್ತದೆ. ಮೂರು ವರ್ಷ ನಮ್ಮ ಎಲೆಕೋಸು ಟೆನಿಸ್ ಚೆಂಡಿಗಿಂತ ದಪ್ಪ ಆಗಲೇ ಇಲ್ಲ. ಗೊಬ್ಬರ ಸಾಲದು ಅಂತ ಇನ್ನೂ ಇನ್ನೂ ಸುರಿದೆವು. ಕೊನೆಗೆ ಮಣ್ಣು ಪರೀಕ್ಷೆ ಮಾಡಿಸಿದಾಗ ಹುಳಿ ಅಂತ ಗೊತ್ತಾಯಿತು. ಚದರ ಮೀಟರಿಗೆ 200 ಗ್ರಾಂ ಕೃಷಿ ಸುಣ್ಣ ಹಾಕಿ, ಮೂರು ವಾರ ಬಿಟ್ಟು ಗೊಬ್ಬರ ಹಾಕಿದೆವು. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಆ ವರ್ಷ ಕೋಸು ಎರಡು ಕೈಯಲ್ಲಿ ಎತ್ತುವ ಹಾಗೆ ಬಂತು. ಪರೀಕ್ಷೆ ಮಾಡಿಸದೆ ಮಾತ್ರ ಸುಣ್ಣ ಹಾಕಬೇಡಿ. ಹಾಸನದವರಿಗೆ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ನಮಗೆ ಮೂಡಿಗೆರೆಯಲ್ಲೇ ಇದೆ. ಕೇಳಿ ನೋಡಿ.

ಕಾಫಿ ಸಿಪ್ಪೆ ಪುಕ್ಕಟೆ ಸಿಗುತ್ತದೆ ಅಂತ ಹಸಿಯಾಗಿ ಮಡಿಗೆ ಹಾಕಬೇಡಿ. ಸಗಣಿ ಜೊತೆ ಗುಂಡಿಯಲ್ಲಿ ಕೊಳೆಸಿ, ಒಳಗೆ ಕೈ ಹಾಕಿದರೆ ಬಿಸಿ ಇಲ್ಲ ಅನ್ನುವ ತನಕ ಕಾಯಿರಿ.

ಬಸವನಹುಳು ನಿಮ್ಮಲ್ಲೂ ಇರಬಹುದು. ರಾತ್ರಿ ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ, ಕೋಸಿನ ಸಿಪ್ಪೆ ಇಟ್ಟರೆ ಎಲ್ಲ ಅಲ್ಲಿಗೆ ಬಂದು ಸೇರುತ್ತವೆ. ಬೆಳಗ್ಗೆ ಆರಿಸಿ ಉಪ್ಪು ನೀರಿಗೆ ಹಾಕಿ. ಗ್ಲೌಸ್ ಹಾಕಿಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ. ಮಡಿಗೆ ಮಾತ್ರ ಉಪ್ಪು ಹಾಕಬೇಡಿ, ಮಣ್ಣು ಕೆಡುತ್ತದೆ.

ಆಲೂಗಡ್ಡೆ ಬೆಳೆಯುವ ಮನೆಯವನು, ಹಾಸನ ತಾಲ್ಲೂಕು

ಟೊಮೆಟೊ ಎಲೆ ಕಪ್ಪಾಗಿ ಸುಟ್ಟ ಹಾಗಾಯಿತು ಅಂದಿರಲ್ಲ, ಅದು ಅಂಗಮಾರಿ ಇರಬೇಕು. ನಮ್ಮ ಆಲೂಗಡ್ಡೆಯನ್ನು ಎಷ್ಟೋ ವರ್ಷ ರಾತ್ರೋರಾತ್ರಿ ತಿಂದ ರೋಗ ಅದೇ. ಆಲೂಗಡ್ಡೆಗೂ ಟೊಮೆಟೊಗೂ ಒಂದೇ ರೋಗ ತಗಲುತ್ತದೆ. ತಂಪು ಗಾಳಿ, ಒದ್ದೆ ಎಲೆ, ಮೋಡ, ಇಷ್ಟು ಸಿಕ್ಕರೆ ನಾಲ್ಕು ದಿನದಲ್ಲಿ ಹೊಲ ಕಪ್ಪು. ಮೊಳಕೆ ಬಂದ ಆಲೂಗಡ್ಡೆಯನ್ನು ಟೊಮೆಟೊ ಪಕ್ಕ ಹೂತಿದ್ದರೆ ಇನ್ನು ಮುಂದೆ ಹಾಗೆ ಮಾಡಬೇಡಿ.

ಅರ್ಕಾ ರಕ್ಷಕ್ ಅನ್ನುವ ಟೊಮೆಟೊ ತಳಿ ಎಲೆ ಮುರುಟು, ದುಂಡಾಣು ಸೊರಗು, ಬೇಗ ಬರುವ ಅಂಗಮಾರಿ, ಈ ಮೂರನ್ನೂ ತಡೆಯುತ್ತದೆ. ಆದರೆ ಈ ತಡವಾಗಿ ಬರುವ ಅಂಗಮಾರಿ ಬೇರೆ. ಇದಕ್ಕೆ ಎಲೆ ಒಣಗಿರುವ ಹಾಗೆ ನೋಡಿಕೊಳ್ಳುವುದೇ ದಾರಿ. ಗಿಡಕ್ಕೆ ಕೋಲು ಕೊಟ್ಟು ಎತ್ತಿ ಕಟ್ಟಿ, ಬುಡದಿಂದ ಒಂದು ಅಡಿ ತನಕ ಎಲೆ ತೆಗೆಯಿರಿ, ನೀರು ಬುಡಕ್ಕೆ ಮಾತ್ರ. ಕಪ್ಪಾದ ಎಲೆ ಕಂಡ ದಿನವೇ ಕಿತ್ತು ಸುಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ.

ಹೊಳೆನರಸೀಪುರ

ಯಾರೂ ಅವರೆಕಾಯಿ ಹೆಸರೇ ಎತ್ತಲಿಲ್ಲವಲ್ಲ! ಹಾಸನ ಸೀಮೆಯ ಹಿತ್ತಲಲ್ಲಿ ಚಳಿಗಾಲಕ್ಕೆ ಅವರೆ ಇಲ್ಲದಿದ್ದರೆ ಹೇಗೆ?

ನಾಟಿ ಅವರೆ ಹಗಲು ಚಿಕ್ಕದಾದಾಗಲೇ ಹೂ ಬಿಡುವುದು. ಆಷಾಢ, ಶ್ರಾವಣದಲ್ಲಿ ಹಾಕಿದರೆ ಚಪ್ಪರ ತುಂಬಾ ಹಬ್ಬಿ ಧನುರ್ಮಾಸಕ್ಕೆ ಕಾಯಿ. ಈಗ ಹಾಕಿದರೆ ಬಳ್ಳಿ ಮೊಳದುದ್ದ ಆಗುವಷ್ಟರಲ್ಲಿ ಹೂ ಬಂದುಬಿಡುತ್ತದೆ, ಹಿಡಿ ಕಾಯಿಯೂ ಸಿಗುವುದಿಲ್ಲ. ಈಗ ಹಾಕುವುದಾದರೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಎಚ್‌ಎ 4 ತಳಿ ಹಾಕಿ. ಅದಕ್ಕೆ ಹಗಲಿನ ಲೆಕ್ಕ ಇಲ್ಲ, ಗಿಡ್ಡ ಗಿಡ, ಚಪ್ಪರ ಬೇಡ. ಸೊಗಡು ನಾಟಿಯಷ್ಟು ಇರುವುದಿಲ್ಲ ಅಂತ ನನ್ನ ನಾಲಿಗೆ ಹೇಳುತ್ತದೆ. ಆದರೂ ನಿಮ್ಮ ಮನೆಯದೇ ಹಿತಕಿದ ಬೇಳೆ ಸಾರು ಆಗುತ್ತದೆ. ಬರುವ ವರ್ಷಕ್ಕೆ ಒಂದು ಮೂಲೆಯನ್ನು ನಾಟಿ ಅವರೆಗೆ ಅಂತ ಈಗಲೇ ಇಟ್ಟುಬಿಡಿ.

ಚಿಕ್ಕಮಗಳೂರು, ತಾರಸಿ ತೋಟ

ನಮ್ಮ ಬೀದಿಯಲ್ಲಿ ಮಂಗಗಳು. ಬೀನ್ಸ್, ಟೊಮೆಟೊ, ಕ್ಯಾರೆಟ್ ಏನೂ ಬಿಡುವುದಿಲ್ಲ. ಮೆಂತ್ಯ, ಪುದೀನ, ಹಸಿಮೆಣಸಿನಕಾಯಿಗೆ ನಮ್ಮಲ್ಲಿ ಇದುವರೆಗೆ ಕೈ ಹಾಕಿಲ್ಲ. ಅದಕ್ಕೆ ಈಗ ನಾನು ಸೊಪ್ಪಿನ ಮೇಲೇ ಜೋರು. ಮೆಂತ್ಯ 25 ದಿನ, ಪಾಲಕ್ 30, ಕೊತ್ತಂಬರಿ 40. ಹತ್ತು ದಿನಕ್ಕೊಂದು ಕುಂಡ ಹಾಕುತ್ತಾ ಬಂದರೆ ಯುಗಾದಿ ತನಕ ಅಂಗಡಿ ಸೊಪ್ಪು ಬೇಕಾಗುವುದಿಲ್ಲ. ಕೊತ್ತಂಬರಿ ಬೀಜವನ್ನು ಚಪ್ಪಲಿಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಹಾಕಿ. ಹಾಗೇ ಹಾಕಿದರೆ ಅರ್ಧ ಹುಟ್ಟುವುದಿಲ್ಲ.

ಅರಸೀಕೆರೆ

ನಮ್ಮದು ಒಣ ಸೀಮೆ. ನಮಗೆ ನೀರು ನಿಲ್ಲುವ ಚಿಂತೆ ಕಡಿಮೆ, ಒಣಗುವ ಚಿಂತೆ ಜಾಸ್ತಿ. ಡಿಸೆಂಬರ್ ಬಂದ ಮೇಲೆ ಹಾಸನದಲ್ಲೂ ಮಳೆ ಇರುವುದಿಲ್ಲ. ಆಗ ಮಡಿ ಮೇಲೆ ತೆಂಗಿನ ಗರಿ ಚೂರು, ಒಣ ಹುಲ್ಲು ಎರಡು ಇಂಚು ಹೊದಿಸಿ. ಎರಡು ದಿನಕ್ಕೊಮ್ಮೆ ನೀರು ಸಾಕು. ಏರುಮಡಿ ಬೇಗ ಒಣಗುತ್ತದೆ, ಅದನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಇವತ್ತು ಬೆಳಗ್ಗೆ ಉಂಡೆ ಬಿಟ್ಟು ನೋಡಿದೆ, ಎರಡೇ ಚೂರಾಯಿತು. ಅಗೆಯಬಹುದಾ? ಸೊಪ್ಪಿಗೂ ಸ್ವಾತಿ ತನಕ ಕಾಯಬೇಕಾ?

ಸಾಲಗಾಮೆ ರಸ್ತೆ, ಹಾಸನ

ಇನ್ನೊಂದೆರಡು ದಿನ ಬಿಸಿಲು ಬೀಳಲಿ, ಆಮೇಲೆ ಮತ್ತೆ ಬಿಟ್ಟು ನೋಡಿ. ಅಷ್ಟರಲ್ಲಿ ಟ್ರೇಗೆ ಕೋಸಿನ ಬೀಜ ಹಾಕಿ ಮುಗಿಸಿ. ಸೊಪ್ಪಿಗೆ ಕಾಯಬೇಕಿಲ್ಲ. ಮೊದಲ ಮಡಿ ಆದ ದಿನವೇ ಮೆಂತ್ಯ ಚೆಲ್ಲಿ, ಮೇಲೆ ಒಂದು ಹಳೆ ಸೀರೆ ಎಳೆದು ಕಟ್ಟಿದರೆ ಜೋರು ಮಳೆಯ ಹೊಡೆತ ತಡೆಯುತ್ತದೆ. ಮಕ್ಕಳ ಕೈಯಲ್ಲೇ ಚೆಲ್ಲಿಸಿ. ನಾಲ್ಕನೇ ದಿನಕ್ಕೆ ಮೊಳಕೆ ಕಾಣುತ್ತದೆ, ಅವರಿಗೂ ಕಾಯೋಕೆ ಕಷ್ಟ ಆಗುವುದಿಲ್ಲ.