ಗರ್ಭಪಾತದ ಹಕ್ಕು: ‘ವ್ಯಕ್ತ’ಕ್ಕೆ ಎದುರಾಗಿ ‘ಅಂತರ್ಗತ’ ಎನ್ನಬಹುದೇ?

ಸಂವಿಧಾನವು ಒಂದು ಹಕ್ಕನ್ನು ಹೆಸರು ಹಿಡಿದು ಹೇಳುವುದು ಒಂದು ಬಗೆಯಾದರೆ, ಅಲ್ಲಿರುವ ಬೇರೊಂದು ಮಾತನ್ನು ಬಿಡಿಸಿ ನ್ಯಾಯಾಲಯವು ಆ ಹಕ್ಕನ್ನು ತೋರಿಸಿಕೊಡುವುದು ಇನ್ನೊಂದು ಬಗೆ. ಗರ್ಭಪಾತದ ಹಕ್ಕಿನ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಈ ಎರಡಕ್ಕೂ ಒಂದು ಜೋಡಿಪದ ಬೇಕಾಗಿದೆ. ಮೊದಲನೆಯದಕ್ಕೆ ‘ವ್ಯಕ್ತ’ ಸಾಲುತ್ತದೆ, ತೊಡಕಿರುವುದು ಎರಡನೆಯದರಲ್ಲಿ.

‘ಪರೋಕ್ಷ’ ಎಂದರೆ ಹಕ್ಕೇ ಅರೆಬರೆಯದು ಎಂಬ ಭಾವನೆ ಬರುತ್ತದೆ. ‘ಸೂಚಿತ’ ಎಂದರೆ ಸಂವಿಧಾನ ಬರೆದವರೇ ಬೇಕೆಂದು ಸುಳಿವು ಕೊಟ್ಟರೆಂದಾಗುತ್ತದೆ. ‘ಗರ್ಭಿತ’ ಅರ್ಥದಲ್ಲಿ ಹತ್ತಿರವಿದ್ದರೂ ಈ ವಿಷಯದಲ್ಲಿ ಅದನ್ನು ಓದುಗರು ಶ್ಲೇಷೆಯೆಂದುಕೊಂಡಾರು!

ಉಳಿಯುವುದು ‘ಅಂತರ್ಗತ’. ಭಾರತದ ಮಟ್ಟಿಗೆ ಇದು ಒಗ್ಗುತ್ತದೆ. 21ನೇ ವಿಧಿಯಲ್ಲಿರುವುದು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಮಾತು ಮಾತ್ರ. ಸಂತಾನದ ಬಗ್ಗೆ ಹೆಣ್ಣು ತಾನೇ ತೀರ್ಮಾನಿಸುವುದೂ ಆ ಸ್ವಾತಂತ್ರ್ಯದ ಒಂದು ಮುಖವೆಂದು ಸುಪ್ರೀಂ ಕೋರ್ಟ್ 2009ರ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಹೇಳಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಬಂದ ಖಾಸಗಿತನದ ತೀರ್ಪು ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು.

ಅಮೆರಿಕದ ವಿಷಯಕ್ಕೆ ಬಂದಾಗ ಇದೇ ಪದ ಕೈಕೊಡುತ್ತದೆ. ಅಲ್ಲಿನ ಸಂವಿಧಾನದ 14ನೇ ತಿದ್ದುಪಡಿಯಲ್ಲಿರುವ ‘ಸ್ವಾತಂತ್ರ್ಯ’ದೊಳಗೆ ಈ ಹಕ್ಕೂ ಸೇರಿದೆಯೆಂದು 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ರೋ ತೀರ್ಪು ಹೇಳಿದರೆ, ಸಂವಿಧಾನದ ಯಾವ ವಿಧಿಯೂ ಅದನ್ನು ಒಳಗೊಂಡಿಲ್ಲವೆಂದು 2022ರಲ್ಲಿ ಅದೇ ನ್ಯಾಯಾಲಯದ ಡಾಬ್ಸ್ ತೀರ್ಪು ಹೇಳಿತು. ವಿವಾದವಿದ್ದದ್ದೇ ಅದು ಒಳಗಿದೆಯೋ ಇಲ್ಲವೋ ಎಂಬುದರ ಮೇಲೆ. ಹಾಗಿರುವಾಗ ವರದಿಗಾರರು ‘ಅಂತರ್ಗತ ಹಕ್ಕನ್ನು ನ್ಯಾಯಾಲಯ ರದ್ದುಪಡಿಸಿತು’ ಎಂದು ಬರೆದರೆ, ಅರಿವಿಲ್ಲದೆಯೇ ರೋ ಪಕ್ಷದ ವಾದವನ್ನು ಒಪ್ಪಿಕೊಂಡಂತಾಗುತ್ತದೆ. ಈ ಕಾರಣಕ್ಕೆ ನನ್ನ ಒಲವು ‘ವ್ಯಾಖ್ಯಾನಲಬ್ಧ’ದ (ವ್ಯಾಖ್ಯಾನದಿಂದ ದೊರೆತದ್ದು) ಕಡೆಗಿದೆ: ಪಂಡಿತರ ವಾಸನೆ ಹೊಡೆಯುತ್ತದೆ, ನಿಜ, ಆದರೆ ಹಕ್ಕು ಎಲ್ಲಿಂದ ಬಂತೆಂಬುದನ್ನಷ್ಟೇ ಹೇಳಿ ಸುಮ್ಮನಾಗುತ್ತದೆ.

‘ವ್ಯಕ್ತ’ದ ಜೊತೆಗೂ ‘ಹಕ್ಕು’ ಎಂಬುದನ್ನು ಕಣ್ಣುಮುಚ್ಚಿ ಸೇರಿಸುವಂತಿಲ್ಲ. ಫ್ರಾನ್ಸ್ 2024ರ ಮಾರ್ಚ್‌ನಲ್ಲಿ ತನ್ನ ಸಂವಿಧಾನದ 34ನೇ ವಿಧಿಗೆ ಗರ್ಭಪಾತವನ್ನು ಹೆಸರಿಸಿಯೇ ಸೇರಿಸಿತು. ಕೆಳಮನೆ ಮೊದಲು ಒಪ್ಪಿದ್ದ ಕರಡಿನಲ್ಲಿ ‘ಹಕ್ಕು’ ಇತ್ತು, ಮೇಲ್ಮನೆಯಾದ ಸೆನೆಟ್ ಅದನ್ನು ‘ಸ್ವಾತಂತ್ರ್ಯ’ವಾಗಿಸಿತು, ಕೊನೆಗೆ ಉಳಿದದ್ದು ಮಹಿಳೆಗೆ ‘ಖಾತರಿಪಡಿಸಿದ ಸ್ವಾತಂತ್ರ್ಯ’. ಆದ್ದರಿಂದ ಅಲ್ಲಿಗೆ ‘ವ್ಯಕ್ತ ರಕ್ಷಣೆ’ ಎಂಬುದೇ ಹೆಚ್ಚು ಸರಿಯೆನಿಸುತ್ತದೆ.

ಕಾನೂನು ಬರಹ ಬಲ್ಲವರು ತಿಳಿಸಬೇಕು: ‘ವ್ಯಾಖ್ಯಾನಲಬ್ಧ’ಕ್ಕಿಂತ ಹಗುರವಾದ, ಯಾರ ಪಕ್ಷವನ್ನೂ ವಹಿಸದ ಪದ ಬಳಕೆಯಲ್ಲಿದೆಯೇ?