ಹಳೆಯ ಜಿಪ್ಸಿಗೆ 1.6 ಲೀಟರ್ ಎಂಜಿನ್ ಕೂರಿಸುವುದು ಸೂಕ್ತವೇ?

ಪ್ರಶ್ನೆ: ಕಾಫಿತೋಟ
ನಮ್ಮ ಮನೆಯಲ್ಲಿ 1993ರ ಮಾರುತಿ ಜಿಪ್ಸಿ ಇದೆ. 970 ಸಿಸಿಯ, ನಾಲ್ಕು ಗೇರಿನ ಮೂಲ ಎಂಜಿನ್ ಇನ್ನೂ ಅದರಲ್ಲೇ ಇದೆ. ಮೂಡಿಗೆರೆ ಕಡೆಯ ನಮ್ಮ ತೋಟದಿಂದ ಕಣಕ್ಕೆ ಆರು ಮೂಟೆ ಹಣ್ಣು ಹೇರಿಕೊಂಡು ಏರು ಹತ್ತುವಾಗ ಮೊದಲನೇ ಗೇರಿನಲ್ಲೂ ಏದುಸಿರು ಬಿಡುತ್ತದೆ. ಹಳೆಯ ಬಲೆನೋ ಕಾರಿನ 1.6 ಎಂಜಿನ್ ಒಂದು ಕೈಗೆಟುಕುವ ಬೆಲೆಗೆ ಸಿಗುತ್ತಿದೆ. ಕೂರಿಸಬಹುದೇ, ಅಥವಾ ಡೀಸೆಲ್ ಎಂಜಿನ್ ಹುಡುಕಬೇಕೇ? ಕಳೆದ ವರ್ಷ 205/70ರ ಚಕ್ರ ತೆಗೆದು 235/75ರ ಹದಿನೈದು ಇಂಚಿನ ಟೈರ್ ಹಾಕಿಸಿದ್ದೇನೆ ಎಂಬುದನ್ನೂ ತಿಳಿಸುತ್ತೇನೆ.

ಉತ್ತರ: ಹಳೇಗ್ಯಾರೇಜು
ನಿಮ್ಮ ಗಾಡಿಯ ಏದುಸಿರಿನ ಕಾರಣವನ್ನು ಕೊನೆಯ ವಾಕ್ಯದಲ್ಲಿ ನೀವೇ ಬರೆದಿದ್ದೀರಿ. ಆ ಹೊಸ ಟೈರ್ ಹಳೆಯದಕ್ಕಿಂತ ಸುಮಾರು ಶೇಕಡಾ 10ರಷ್ಟು ಎತ್ತರ. ಎಂಜಿನ್ ಅಷ್ಟೇ ಬಲ ಕೊಟ್ಟರೂ ನೆಲಕ್ಕೆ ಮುಟ್ಟುವ ಎಳೆತ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಅದರ ಮೇಲೆ, ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ತೆಳುವಾಗುವುದರಿಂದ ಕಾರ್ಬುರೇಟರ್ ಎಂಜಿನ್ ತನ್ನ ಶಕ್ತಿಯ ಹತ್ತರಲ್ಲೊಂದು ಪಾಲನ್ನು ಕಳೆದುಕೊಳ್ಳುತ್ತದೆ. ಮೂಲದಲ್ಲೇ ಸುಮಾರು 45 ಅಶ್ವಶಕ್ತಿಯ ಗಾಡಿಗೆ ಇದು ದೊಡ್ಡ ನಷ್ಟ.

ಎಂಜಿನ್ ಬದಲಾಯಿಸಲೇಬೇಕೆಂದರೆ ಜಿಪ್ಸಿಯ ನಂತರದ ಮಾದರಿಯಾದ ಜಿಪ್ಸಿ ಕಿಂಗ್‌ನ 1,298 ಸಿಸಿಯದೇ ಸರಿಯಾದ ದಾರಿ, ಏಕೆಂದರೆ ಅದು ಇದೇ ಚಾಸಿಸ್‌ನಲ್ಲಿ ಉದ್ದುದ್ದ ಕೂರಲು ಮಾಡಿದ ಎಂಜಿನ್. ಅದರ ಐದು ಗೇರಿನ ಪೆಟ್ಟಿಗೆಯನ್ನೂ ಜೊತೆಗೇ ತನ್ನಿ, ನಿಮ್ಮ ನಾಲ್ಕು ಗೇರಿನ ಪೆಟ್ಟಿಗೆ ಅದಕ್ಕೆ ಹೊಂದುವುದಿಲ್ಲ. ಬಲೆನೋ ಎಂಜಿನ್ ಅದೇ ಕುಟುಂಬದ್ದಾದರೂ ಕಾರಿನಲ್ಲಿ ಅಡ್ಡವಾಗಿ ಕೂರುವಂಥದ್ದು. ಆಯಿಲ್ ಸಂಪ್ (ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿ) ಮುಂದಿನ ಆಕ್ಸಲ್‌ಗೆ ತಾಗದಂತೆ ನೋಡಬೇಕು, ಮ್ಯಾನಿಫೋಲ್ಡ್, ನೀರಿನ ಪೈಪು, ಎಂಜಿನ್ ಮೌಂಟ್ ಎಲ್ಲವನ್ನೂ ಹೊಂದಿಸಬೇಕು, ಮೇಲೆ ವೈರಿಂಗ್ ಬೇರೆ. ಒಂದು ಸಂಪಿನ ಹಿಂದೆ ನಾನೇ ಮೂರು ವಾರ ಕಳೆದಿದ್ದೇನೆ. ಡೀಸೆಲ್‌ನ ತೂಕಕ್ಕೆ ಮುಂದಿನ ಪಟ್ಟಿ ಸ್ಪ್ರಿಂಗ್‌ಗಳು ಕುಸಿಯುತ್ತವೆ. ಆ ಆಸೆ ಬಿಡಿ.

ಉತ್ತರ: ಘಟ್ಟದಾರಿ
ಹಳೇಗ್ಯಾರೇಜಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಂಜಿನ್ ಬಲ ಹೆಚ್ಚಾದ ಮೇಲೆ ಮುರಿಯುವುದು ಎಂಜಿನ್ ಅಲ್ಲ, ಹಿಂದಿನ ಆಕ್ಸಲ್ ಶಾಫ್ಟ್ ಅಥವಾ ಮುಂದಿನ ಚಕ್ರದ ಒಳಗಿನ ಜಾಯಿಂಟ್; ದೊಡ್ಡ ಟೈರ್ ಇದ್ದರೆ ಇನ್ನೂ ಬೇಗ. ಬ್ರೇಕ್ ಡ್ರಮ್ಮಿನವೇ ಆಗಿದ್ದರೆ ಇಳಿಜಾರಿನಲ್ಲಿ ಅದೂ ಸಾಲದು.

ಕಾಗದಪತ್ರದ ಮಾತೂ ಇದೆ. ಎಂಜಿನ್ ಸಂಖ್ಯೆ ಆರ್‌.ಸಿ.ಯಲ್ಲಿ ದಾಖಲಾಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾದ ಬದಲಾವಣೆಯನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಆದ್ದರಿಂದ ಹಣ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಲಿಖಿತ ಅನುಮತಿ ಪಡೆಯಿರಿ. ಇಲ್ಲವಾದರೆ ಅಪಘಾತವಾದ ದಿನ ವಿಮೆಯವರು ತಕರಾರು ತೆಗೆಯುತ್ತಾರೆ.

ಅದಕ್ಕಿಂತ ಮೊದಲು ಒಂದು ಪ್ರಶ್ನೆ: ಏರಿನಲ್ಲಿ ಮುಂದಿನ ಹಬ್‌ಗಳನ್ನು (ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ ಕೊಂಡಿ) ಲಾಕ್ ಮಾಡಿ, ಎಲ್ಲ ಗೇರುಗಳನ್ನೂ ಇನ್ನಷ್ಟು ನಿಧಾನವಾಗಿಸಿ ಎಳೆತ ಹೆಚ್ಚಿಸುವ ನಾಲ್ಕು ಚಕ್ರದ ಲೋ ಗೇರಿಗೆ ಸನ್ನೆ ಹಾಕುತ್ತೀರಾ? ನಮ್ಮ ಕಡೆ ಬಹಳ ತೋಟದವರು ಆ ಸನ್ನೆಯನ್ನು ಮುಟ್ಟುವುದೇ ಇಲ್ಲ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿನಿಂದ ಬೇರೆಯಾಗಿಯೇ ಇರುವುದರಿಂದ, ಅದರೊಳಗಿನ ಗೇರುಗಳನ್ನಷ್ಟೇ ಬದಲಿಸಿ ಇನ್ನೂ ನಿಧಾನ ಮಾಡಿಸಲೂ ಬರುತ್ತದೆ.

ಉತ್ತರ: ಕಾಫಿತೋಟ
ಲೋ ಗೇರಿನ ವಿಷಯದಲ್ಲಿ ಸಿಕ್ಕಿಬಿದ್ದೆ. ಹಬ್ ಲಾಕ್ ಮಾಡಲು ಕೆಸರಿಗೆ ಇಳಿಯಬೇಕಲ್ಲ ಎಂಬ ಸೋಮಾರಿತನ. ನಿನ್ನೆ ಹಳೆಯ ಟೈರುಗಳನ್ನೇ ಹಾಕಿ, ಲೋ ಗೇರಿನಲ್ಲಿ ಅದೇ ಆರು ಮೂಟೆಯೊಂದಿಗೆ ಅದೇ ಏರನ್ನು ಎರಡನೇ ಗೇರಿನಲ್ಲಿ ಹತ್ತಿದೆ. ಬಲೆನೋ ಎಂಜಿನ್ ಬೇಡವೆಂದು ಫೋನ್ ಮಾಡಿ ತಿಳಿಸಿದ್ದೇನೆ. ಈಗ ಹಿಂದಿನ ಆಕ್ಸಲ್‌ನ ಸೀಲಿನಿಂದ ಎಣ್ಣೆ ಜಿನುಗುತ್ತಿದೆ, ಅದನ್ನು ಈ ವಾರ ನೋಡಿಸಬೇಕು.