ಫ್ಯಾನಿನ ಲೈಟಿಗೆ ಹಾಕಿದ ಡಿಮ್ಮೆಬಲ್ ಎಲ್‌ಇಡಿ ಬಲ್ಬ್ ಇಷ್ಟ್ ಲಗೂ ಯಾಕ ಹೋಗ್ತಾವ?

ಉಣಕಲ್_ಪಡಸಾಲಿ:
ನಮಸ್ಕಾರ್ರೀ ಎಲ್ಲಾರಿಗೂ. ಹುಬ್ಬಳ್ಳಿ ಉಣಕಲ್‌ದಾಗ ನಮ್ಮ ಮನಿ. ಪಡಸಾಲ್ಯಾಗ ಲೈಟ್ ಇರೋ ಸೀಲಿಂಗ್ ಫ್ಯಾನ್ ಐತಿ, ಕೆಳಗ ಬಿಳಿ ಗಾಜಿನ ಡೂಮ್, ಒಳಗ ಎರಡು 9 ವ್ಯಾಟ್ ಡಿಮ್ಮೆಬಲ್ (ಬೆಳಕು ಕಡಿಮಿ ಜಾಸ್ತಿ ಮಾಡಾಕ ಬರೋ) ಎಲ್‌ಇಡಿ ಬಲ್ಬ್, ಬೆಳಕು ಕಡಿಮಿ ಮಾಡಾಕ ಗ್ವಾಡಿಗೆ ಡಿಮ್ಮರ್ ಸ್ವಿಚ್. ಡಬ್ಬಿ ಮ್ಯಾಲೆ 25,000 ತಾಸು ಬಾಳಿಕಿ ಅಂತ ಬರದೈತಿ, ನಮ್ಮಲ್ಲಿ ಒಂದು ಬ್ಯಾಸಗಿ ದಾಟವಲ್ವು. ಮೊದಲು ಮಿಣಕ್ ಮಿಣಕ್ ಅಂತಾವ, ಆಮ್ಯಾಲೆ ಒಮ್ಮೆಲೆ ಬಂದ್. ಅದೇ ಕಂಪನಿ ಬಲ್ಬ್ ಅಡಗಿಮನ್ಯಾಗ ಬರೋಬ್ಬರಿ ಉರಿಯಾಕ್ಹತ್ತೈತಿ. ಅಂಗಡಿಯವ್ರು ವೋಲ್ಟೇಜ್ ಸಮಸ್ಯೆ ಅಂತಾರ, ಆದ್ರ ಟಿವಿ, ಫ್ರಿಜ್‌ಗೆ ಏನೂ ಆಗಿಲ್ಲ. ಅವ್ವಗ ರಾತ್ರಿ ಮಂದ ಬೆಳಕು ಬೇಕು, ಅದಕ್ಕ ಡಿಮ್ಮರ್ ತಗ್ಯಾಕ ಮನಸ್ಸಿಲ್ಲ. ಹೆಂಗ ಕಂಡುಹಿಡೀಬೇಕ್ರಿ?

ಗದಗ_ವೈರಿಂಗ್:
ಫ್ಯಾನ್ ಬಂದ್ ಮಾಡಿದ್ರ ಲೈಟೂ ಹೋಗ್ತೈತೇನ್ರಿ? ಹಳೇ ಮನಿಗಳೊಳಗ ಫ್ಯಾನಿನ ಜಾಗಾಕ್ಕ ಬರೋದು ಒಂದು ಫೇಸ್ (ಕರೆಂಟ್ ಬರೋ ವೈರ್) ಒಂದು ನ್ಯೂಟ್ರಲ್ (ಹೊಳ್ಳಿ ಹೋಗೋ ವೈರ್) ಅಷ್ಟ, ಲೈಟಿಂದು ಫ್ಯಾನಿಂದು ಎರಡೂ ವೈರ್ ಕೂಡಿಸಿ ತಿರುವಿ ಟೇಪ್ ಸುತ್ತಿ ಬಿಟ್ಟಿರ್ತಾರ, ಆಗ ಬಲ್ಬೂ ಫ್ಯಾನ್ ರೆಗ್ಯುಲೇಟರ್ ಮ್ಯಾಲೆನ ನಡೀತೈತಿ. ಆ ರೆಗ್ಯುಲೇಟರ್ ಮೋಟರ್ ಸಲುವಾಗಿ ಮಾಡಿದ್ದು, ಲೈಟ್ ಡಿಮ್ಮರ್‌ದ ಕೆಲಸ ಅದಕ್ಕ ಬರಂಗಿಲ್ಲ, ಬಲ್ಬ್ ಡಿಮ್ಮೆಬಲ್ ಇದ್ರೂ ಅಷ್ಟ. ಮತ್ತ ಸ್ವಿಚ್ ಆರಿಸಿದಾಗ ಫ್ಯಾನಿನ ವೈಂಡಿಂಗ್ ಒಂದು ಝಟಕಾ ಹೊಳ್ಳಿ ಕೊಡ್ತೈತಿ, ಅದು ಜೋಡಿಗಿರೋ ಬಲ್ಬಿನ ಡ್ರೈವರ್‌ಗೇ (ಎಲ್‌ಇಡಿಗೆ ಬೇಕಾದಂಗ ಕರೆಂಟ್ ಕೊಡೋ ಒಳಗಿನ ಸರ್ಕಿಟ್) ಬಡೀತೈತಿ.

ಉಣಕಲ್_ಪಡಸಾಲಿ:
ಇಲ್ರೀ ಅಣ್ಣಾರ, ಲೈಟಿಗೆ ಬ್ಯಾರೆ ಲೈನ್ ಐತಿ. ಡಿಮ್ಮರ್ ಮಾತ್ರ ಹಳೇದು, 60 ವ್ಯಾಟಿನ ಗುಂಡು ಬಲ್ಬ್ ಇದ್ದಾಗ ಕೂಡಿಸಿದ್ದು.

ಧಾರವಾಡ_ರಿಪೇರಿ:
ಹಂಗಾದ್ರ ನಿಮ್ಮಲ್ಲಿ ಎರಡು ಕಾರಣ ಕೂಡ್ಯಾವ. ಒಂದು ಆ ಡೂಮ್. ಎಲ್‌ಇಡಿ ಬಲ್ಬಿನ ಡ್ರೈವರ್ ಇರೋದು ಕ್ಯಾಪ್ ಕಡೆ ಕುತ್ತಿಗ್ಯಾಗ, ಫ್ಯಾನಿನೊಳಗ ಬಲ್ಬ್ ತಲಿಕೆಳಗ ಜೋತಾಡ್ತೈತಿ, ಬಿಸಿಗಾಳಿ ಮ್ಯಾಲೇರಿ ಅಲ್ಲೇ ನಿಂದ್ರತೈತಿ, ಡೂಮ್ ಮುಚ್ಚಿದ್ದಕ್ಕ ಹೊರಗ ಹೋಗಾಕ ಹಾದಿ ಇಲ್ಲ. ಫ್ಯಾನ್ ಗಾಳಿ ಬಲ್ಬಿಗೆ ತಾಗತೈತಿ ಅಂತ ಮಂದಿ ತಿಳ್ಕೊಂಡಿರ್ತಾರ, ಗಾಜಿನ ಒಳಗ ಒಂದು ಎಳೀನೂ ಹೋಗಂಗಿಲ್ಲ. ಡ್ರೈವರ್ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗೆ (ಕರೆಂಟ್ ಕೂಡಿಟ್ಟು ಬಿಡೋ ಸಣ್ಣ ಡಬ್ಬಿ) ಸುಮಾರು 10 ಡಿಗ್ರಿ ಕಾವು ಏರಿದ್ರ ಆಯುಷ್ಯ ಅರ್ಧ ಆಗ್ತೈತಿ. ನಾನು ಹೋದ ಬಲ್ಬ್ ಬಿಚ್ಚಿ ನೋಡ್ತಿರ್ತೇನಿ, ಕೆಪಾಸಿಟರ್ ನೆತ್ತಿ ಉಬ್ಬಿರ್ತೈತಿ, ಕ್ಯಾಪ್ ಸುತ್ತಲಿನ ಬಿಳಿ ಪ್ಲಾಸ್ಟಿಕ್ ಚಹಾದ ಬಣ್ಣಕ್ಕ ತಿರುಗಿರ್ತೈತಿ. ನಿಮ್ಮ ಹಳೇ ಬಲ್ಬ್ ಒಗದಿಲ್ಲಂದ್ರ ಅದನ್ನ ಮೊದಲು ನೋಡ್ರಿ.

ಎರಡನೇದು ಡಿಮ್ಮರ್. ಗುಂಡು ಬಲ್ಬಿನ ಕಾಲದ್ದು ಅಂದ್ರ ಅದಕ್ಕ ಇಷ್ಟ್ ವ್ಯಾಟ್ ಲೋಡ್ ಇರಲೇಬೇಕು ಅಂತ ಇರ್ತೈತಿ, ಎರಡು ಎಲ್‌ಇಡಿ ಕೂಡಿ 18 ವ್ಯಾಟ್, ಸಾಲಂಗಿಲ್ಲ, ಅದಕ್ಕ ಮಿಣಕ್ ಮಿಣಕ್. ಆ ಡಿಮ್ಮರ್ ಕರೆಂಟಿನ ಅಲಿ ಶುರು ಆಗೋ ಕಡೆ ಕತ್ತರಸ್ತೈತಿ, ಪ್ರತಿ ಸಲ ಡ್ರೈವರ್‌ಗೆ ಧಕ್ಕಿ ಬೀಳ್ತೈತಿ. ಎಲ್‌ಇಡಿಗೆ ಟ್ರೇಲಿಂಗ್ ಎಡ್ಜ್ (ಅಲಿ ಮುಗಿಯೋ ಕಡೆ ಕತ್ತರಸೋ) ಡಿಮ್ಮರ್ ಕೇಳಿ ತಗೋರಿ.

ಹಾವೇರಿ_ಮನಿ:
ನಡಗೋದೂ ನೋಡ್ರಿ. ಫ್ಯಾನಿನ ರೆಕ್ಕಿ ಓಲಾಡ್ತಿದ್ರ ಬಲ್ಬ್ ಹೋಲ್ಡರಿನಾಗ ಸಡ್ಲ ಆಗ್ತೈತಿ, ಒಳಗ ಚಟಚಟ ಕಿಡಿ ಹಾರಿ ಹಿತ್ತಾಳಿ ಕರ್ರಗಾಗಿರ್ತೈತಿ. ನಮ್ಮಲ್ಲಿ ಹಂಗ ಆಗಿತ್ತು, ಹೋಲ್ಡರ್ ಬದಲಿ ಮಾಡಿಸಿ ರೆಕ್ಕಿ ಬ್ಯಾಲೆನ್ಸ್ ಮಾಡಿಸಿದ ಮ್ಯಾಲೆ ಮತ್ತ ಆಗಿಲ್ಲ. ಎಂಸಿಬಿ (ಮೀಟರ್ ಬೋರ್ಡಿನ ಬ್ರೇಕರ್) ಇಳಿಸಿನ ಕೈ ಹಾಕ್ರಿ, ಸ್ವಿಚ್ ಒಂದ ನಂಬಬ್ಯಾಡ್ರಿ.

ಗದಗ_ವೈರಿಂಗ್:
ಧಾರವಾಡದವ್ರು ಹೇಳಿದ್ದು ಖರೆ. ಆದ್ರ ಎಲ್ಲಾ ಒಮ್ಮೆ ಬದಲಿ ಮಾಡಬ್ಯಾಡ್ರಿ, ಯಾವುದರಿಂದ ಸರಿ ಆತು ಗೊತ್ತಾಗಂಗಿಲ್ಲ. ಮೊದಲು ಡೂಮ್ ತಗದು ಸ್ವಲ್ಪ ದಿನ ಉರಸ್ರಿ. ಮಿಣಕೋದು ಹಂಗ ಇದ್ರ ಡಿಮ್ಮರ್ ಬದಲಿ ಮಾಡಸ್ರಿ. ಡೂಮ್ ಬೇಕೇ ಬೇಕು ಅಂದ್ರ ಮುಚ್ಚಿದ ಫಿಟಿಂಗಿಗೆ ನಡೀತೈತಿ ಅಂತ ಡಬ್ಬಿ ಮ್ಯಾಲೆ ಬರದ 5 ವ್ಯಾಟಿನ ಬಲ್ಬ್ ಹಾಕ್ರಿ, ಕಾವು ಕಡಿಮಿ. ವೋಲ್ಟೇಜ್ ಅನ್ನೋದು ಸಂಶಯ ಇದ್ರ ಮಿಕ್ಸರ್ ಹಚ್ಚಿದಾಗ ಬ್ಯಾರೆ ರೂಮಿನ ಲೈಟ್ ಒಮ್ಮೆಲೆ ಜಾಸ್ತಿ ಆಗ್ತಾವೇನು ನೋಡ್ರಿ, ಹಂಗ ಆದ್ರ ನ್ಯೂಟ್ರಲ್ ಸಡ್ಲ ಐತಿ, ಅದನ್ನ ಅವತ್ತ ಸರಿ ಮಾಡಸ್ರಿ.

ಅವ್ವಾರ ಸಲುವಾಗಿ ಗ್ವಾಡಿ ಸಾಕೆಟ್‌ಗೆ ಅರ್ಧ ವ್ಯಾಟಿನ ನೈಟ್ ಲ್ಯಾಂಪ್ ಈಗ ಹಚ್ಚಿಬಿಡ್ರಿ, ಡಿಮ್ಮರ್ ಬರೋತನಕ ಅವ್ರು ಕತ್ತಲ್ಯಾಗ ಎದ್ದು ಅಡ್ಡಾಡೋದು ಬ್ಯಾಡ.